ಹೊಲಿಗೆ ಬಿಚ್ಚಿದ ಪರದೆ

ಅವರ ಟೋಪಿಯ ಅಂಚಿನಲ್ಲಿ ಸದಾ ಒಂದು ದಬ್ಬಳ ಚುಚ್ಚಿರುತ್ತಿತ್ತು. ಗೋಣಿಚೀಲ ಹೊಲಿಯುವ, ಬೆರಳುದ್ದದ, ತುದಿ ತುಸು ಬಾಗಿದ ಸೂಜಿ. ಅದರ ಕಣ್ಣಿನಿಂದ ಒಂದು ಗೇಣು ಬಿಳಿ ದಾರ ಇಳಿಬಿದ್ದು ಕಿವಿಯ ಹಿಂದೆ ಓಲಾಡುತ್ತಿತ್ತು. ದೂರದಿಂದ ನೋಡಿದವರಿಗೆ ಯಾವುದೋ ಬಿರುದಿನ ಕುಚ್ಚಿನಂತೆ ಕಾಣುತ್ತಿತ್ತು. ಹತ್ತಿರ ಬಂದ ಮೇಲೆಯೇ ಈ ಮನುಷ್ಯ ತಲೆಯ ಮೇಲೆ ಆಯುಧ ಇಟ್ಟುಕೊಂಡು ಓಡಾಡುತ್ತಿದ್ದಾನೆ ಎಂದು ತಿಳಿಯುತ್ತಿದ್ದುದು. ನಮಾಜಿಗೆ ಹೋಗುವಾಗ ಅದನ್ನು ತೆಗೆದು ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯ ಬಾರಿಗೆ ಚುಚ್ಚಿ ಹೋಗುತ್ತಿದ್ದರು. "ಎರಡು ಲಾಭ ಮೇಷ್ಟ್ರೇ. ಪಕ್ಕದವನಿಗೆ ಚುಚ್ಚಲ್ಲ. ಚಪ್ಪಲೀನೂ ಯಾರೂ ಕದಿಯಲ್ಲ."

ಊರಿಗೆಲ್ಲ ಅವರು ಶಾಮಿಯಾನ ಭಾಯಿ. ಮಾಲೂರಿನಿಂದ ಲಕ್ಕೂರಿನ ಕಡೆ ಹೋಗುವ ದಾರಿಯಲ್ಲಿ, ಎಡಕ್ಕೂ ಬಲಕ್ಕೂ ಇಟ್ಟಿಗೆ ಗೂಡುಗಳ ಹೊಗೆ ಏಳುವ ನಮ್ಮೂರಿನಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಸಾವಾಗಲಿ, ಭಾಷಣವಾಗಲಿ, ಅವರ ಬಟ್ಟೆಯ ಕೆಳಗೇ ಆಗಬೇಕು. ಊರಲ್ಲಿ ಹುಟ್ಟಿದವರೆಲ್ಲ ಒಮ್ಮೆಯಾದರೂ ಅವರ ನೆರಳಿನಲ್ಲಿ ಕೂತವರು, ಸತ್ತವರೆಲ್ಲ ಒಮ್ಮೆ ಮಲಗಿದವರು. ಈ ಸಾರ್ವಭೌಮತ್ವದ ಬಗ್ಗೆ ಅವರಿಗೆ ಕಿಂಚಿತ್ತೂ ಗರ್ವವಿರಲಿಲ್ಲ. ಕುರ್ಚಿ ಮುರಿದವರ ಹೆಸರು ಮಾತ್ರ ಮರೆಯುತ್ತಿರಲಿಲ್ಲ.

ನಾನು ಅವರಿಗೆ ಗಂಟುಬಿದ್ದದ್ದು ಪರಿಸರದ ದೆಸೆಯಿಂದ. ಹೈಸ್ಕೂಲಿನಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೂ ಲೋಕವನ್ನು ತಿದ್ದುವ ಕೆಲಸ ಇನ್ನೂ ಬಾಕಿ ಇದೆ ಎಂಬ ಭ್ರಮೆ ನನ್ನನ್ನು ಬಿಟ್ಟಿರಲಿಲ್ಲ. ಕೋಲಾರದ ಕೆಲವು ಗೆಳೆಯರು ಆಗ ಪರಿಸರದ ಸಾಕ್ಷ್ಯಚಿತ್ರಗಳನ್ನು ಊರೂರಲ್ಲಿ ಉಚಿತವಾಗಿ ತೋರಿಸುವ ಸರಣಿಯೊಂದನ್ನು ಶುರು ಮಾಡಿದ್ದರು. ಒಂದು ಭಾನುವಾರ ಕೋಲಾರ, ಮುಂದಿನ ಭಾನುವಾರ ಮುಳಬಾಗಿಲು, ಆಮೇಲೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಕೊನೆಗೆ ಮಾಲೂರು ತಾಲ್ಲೂಕಿನ ಪಾಲಿಗೆ ನಮ್ಮೂರು. ಚಿತ್ರ ಮತ್ತು ಪ್ರೊಜೆಕ್ಟರು ಅವರದು. ಜಾಗ, ಜನ, ಪರದೆ ನಮ್ಮದು. ನಮ್ಮೂರ ಸಮಿತಿಯ ಅಧ್ಯಕ್ಷಗಿರಿ, ಕಾರ್ಯದರ್ಶಿಗಿರಿ ಎರಡನ್ನೂ ನಾನು ಸರ್ವಾನುಮತದಿಂದ ವಹಿಸಿಕೊಂಡೆ. ಸಭೆಯಲ್ಲಿ ಹಾಜರಿದ್ದವನು ನಾನೊಬ್ಬನೇ.

ಪರದೆ ಕೇಳಲು ಹೋದಾಗ ಭಾಯಿ ತಮ್ಮ ಗೋದಾಮಿನ ಬಾಗಿಲಲ್ಲಿ ಕೂತು ಹರಿದ ಜಮಖಾನ ಹೊಲಿಯುತ್ತಿದ್ದರು.

"ಯಾವ ಪಿಕ್ಚರ್ ಮೇಷ್ಟ್ರೇ?"

"ಪರಿಸರದ್ದು. ಕೆರೆ, ಕಾಡು, ಮಣ್ಣು, ಇಂಥವು."

"ಹೀರೋ ಯಾರು?"

"ಹೀರೋ ಯಾರೂ ಇಲ್ಲ ಭಾಯಿ."

"ವಿಲನ್ನು?"

"ಇರ್ತಾನೆ. ಆದ್ರೆ ತೋರಿಸಲ್ಲ."

ಅವರು ದಾರವನ್ನು ಹಲ್ಲಲ್ಲಿ ಕಡಿದು ದಬ್ಬಳವನ್ನು ಟೋಪಿಗೆ ಚುಚ್ಚಿಕೊಂಡರು. "ಕೆರೆ ಮಣ್ಣು ತೆಗೆಯೋದು ತೋರಿಸ್ತಾರಾ?"

"ಎಲ್ಲೆಲ್ಲೀದೋ ತೋರಿಸ್ತಾರೆ."

"ಹಂಗಾದ್ರೆ ಪರದೆ ನಂದು, ಕುರ್ಚಿ ನಂದು. ಬಾಡಿಗೆ ಮಾತು ನಕ್ಕೋ, ಬೇಡ. ಬನ್ನಿ, ನಿಮಗೊಂದು ತೋರಿಸ್ತೀನಿ" ಎಂದು ಮೂಲೆಯಲ್ಲಿ ಒರಗಿಸಿದ್ದ ಹತ್ತಡಿಯ ಬೊಂಬನ್ನು ಹೆಗಲಿಗೇರಿಸಿದರು.

ನಮ್ಮೂರಲ್ಲಿ ಕೆರೆಗೂ ಖಬರಸ್ತಾನಕ್ಕೂ ಒಂದೇ ಮೇರೆ. ಖಬರಸ್ತಾನ ದಿಬ್ಬದ ಮೇಲೆ, ಕೆರೆಯ ಅಂಗಳ ಅದರ ಕೆಳಗೆ. ಕೆರೆಯಲ್ಲಿ ನೀರಿದ್ದ ಕಾಲದಲ್ಲಿ ಭಾಯಿಯ ಹೆಂಡತಿ ಊರಿನ ಮದುವೆಗಳ ಸಾಂಬಾರಿನ ಕಲೆಗಳನ್ನೆಲ್ಲ ಅಲ್ಲಿನ ಒಂದು ಕಲ್ಲಿನ ಮೇಲೆ ಒಗೆದು ತೆಗೆಯುತ್ತಿದ್ದರಂತೆ. ಶಾಮಿಯಾನದ ಬಟ್ಟೆಗಳನ್ನು ಇದೇ ದಿಬ್ಬದ ಇಳಿಜಾರಿನಲ್ಲಿ ಹರವುತ್ತಿದ್ದರಂತೆ. ಆಕೆ ತೀರಿಕೊಂಡಾಗ ದಿಬ್ಬದ ಕಟ್ಟಕಡೆಯ ಅಂಚಿನಲ್ಲಿ, ಒಗೆಯುವ ಕಲ್ಲು ಕಾಣುವ ಹಾಗೆ, ಭಾಯಿಯೇ ಜಾಗ ಆರಿಸಿದ್ದರು.

"ಗಾಳಿ ಬರ್ತದೆ ಅಂತ. ಒಳಗಡೆ ಗೇಟ್ ಹತ್ರ ಜಾಗ ಇತ್ತು ಮೇಷ್ಟ್ರೇ. ಎಲ್ಲಾರೂ ಹೇಳಿದ್ರು. ನಾನೇ ಕೇಳಲಿಲ್ಲ."

ನಾನು ನೋಡುವ ಹೊತ್ತಿಗೆ ಆ ಕಲ್ಲೂ ಇರಲಿಲ್ಲ. ಕೆರೆಯಲ್ಲಿ ನೀರು ಹೋಗಿ ಮಣ್ಣು ಉಳಿದಿತ್ತು, ಇಟ್ಟಿಗೆಗೆಂದೇ ಹೇಳಿ ಮಾಡಿಸಿದಂಥ ಜೇಡಿಮಣ್ಣು. ಅಗೆಯುವ ಮಿಷನ್ನು ಆ ಕಡೆಯಿಂದ ತಿನ್ನುತ್ತ ಬಂದು ದಿಬ್ಬದ ಬುಡಕ್ಕೆ ಬಾಯಿ ಹಾಕಿತ್ತು. ಎರಡಾಳು ಆಳ, ಗೋಡೆ ಕಡಿದ ಹಾಗೆ ನೇರ. ಭಾಯಿ ಹೆಂಡತಿಯ ಗೋರಿಯ ಕಾಲದೆಸೆಯಿಂದ ಅಂಚಿನವರೆಗೆ ಬೊಂಬನ್ನು ಮಲಗಿಸಿ, ಎತ್ತಿ, ಮತ್ತೆ ಮಲಗಿಸಿ ಅಳೆದರು.

"ಐದು ಬೊಂಬು" ಎಂದರು. "ಹೋದ ರಂಜಾನಲ್ಲಿ ಒಂಬತ್ತಿತ್ತು."

ಅವರ ತರ್ಕ ಸರಳವಾಗಿತ್ತು. ಬೇರೆ ಊರಿನಲ್ಲಿ ಏನಾಯಿತೆಂದು ಕಣ್ಣಾರೆ ನೋಡಿದರೆ ಜನಕ್ಕೆ ನಾಚಿಕೆಯಾಗುತ್ತದೆ, ನಾಚಿಕೆಯಾದರೆ ಅಗೆಯುವುದು ನಿಲ್ಲುತ್ತದೆ, ನಿಂತರೆ ಆಕೆ ಮಲಗಿದಲ್ಲೇ ಮಲಗಿರುತ್ತಾಳೆ. ಚಿತ್ರ ತೆಗೆದವರ ತರ್ಕವೂ ಇದೇ, ಅದನ್ನು ಹಂಚುವವರದೂ ಇದೇ, ನನ್ನದೂ ಇದೇ. ಓದಿದವರೂ ಓದದವರೂ ಇಷ್ಟು ಒಮ್ಮತದಿಂದ ತಪ್ಪಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರದೆಗೆ ಬೇಕಾದಷ್ಟು ಅಗಲದ ಬಟ್ಟೆ ಸಿಗದೆ ಭಾಯಿ ಬಿಳಿ ಹತ್ತಿಬಟ್ಟೆಯ ಎರಡು ಪನ್ನಗಳನ್ನು ಜೋಡಿಸಿ ನಟ್ಟನಡುವೆ ಹೊಲಿದರು. ಹೊಲಿಗೆ ಭದ್ರವಾಗಿತ್ತು, ಹಾಗಾಗಿ ಚೆನ್ನಾಗಿ ಕಾಣುತ್ತಲೂ ಇತ್ತು. ಪ್ರಪಂಚದ ಯಾವ ನದಿಯೇ ಬರಲಿ, ಯಾವ ಹಿಮಪರ್ವತವೇ ಬರಲಿ, ನಮ್ಮೂರಲ್ಲಿ ಅದರ ಮಧ್ಯೆ ಒಂದು ಹೊಲಿಗೆ ಇರುತ್ತಿತ್ತು. ಆನೆಯೊಂದು ಎಡದಿಂದ ಬಲಕ್ಕೆ ನಡೆದುಹೋಗುವಾಗ ಆ ಗೆರೆ ದಾಟುವ ಗಳಿಗೆಯಲ್ಲಿ ತುಸು ಮುಗ್ಗರಿಸಿದಂತೆ ಕಂಡು ಜನ ಚಪ್ಪಾಳೆ ತಟ್ಟುತ್ತಿದ್ದರು.

ಮೊದಲ ಪ್ರದರ್ಶನವನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಹೊತ್ತು ಮಧ್ಯಾಹ್ನ ಎರಡೂವರೆ: ಅಡುಗೆ ಮುಗಿದು, ಸಂಜೆಯ ಹಾಲು ಕರೆಯುವುದಕ್ಕೆ ಮುಂಚಿನ ಬಿಡುವು. ಜಾಗ ಹಾಲಿನ ಡೇರಿಯ ಇಟ್ಟಿಗೆ ಗೋಡೆಯ ಮುಂದಿನ ಬಯಲು. ಮಟಮಟ ಹಗಲಿನಲ್ಲಿ ಕತ್ತಲು ಮಾಡುವ ವಿದ್ಯೆ ಭಾಯಿಗೆ ಗೊತ್ತಿತ್ತು. ಮೇಲೆ ಎರಡು ಪದರ ಬಟ್ಟೆ, ಸುತ್ತ ಅಡ್ಡಪರದೆ, ಸಂದುಗಳಿಗೆ ಜಮಖಾನ. ಆದರೆ ಅದು ಮದುವೆಯ ತಿಂಗಳು. ಕೆಂಪು, ಹಳದಿ, ಜರಿಯ ಬಟ್ಟೆಗಳೆಲ್ಲ ಮದುವೆಮನೆಗಳಿಗೆ ಹೋಗಿದ್ದವು. ಉಳಿದದ್ದು ಬಿಳಿ. ನಮ್ಮ ಕಡೆ ಬಿಳಿ ಶಾಮಿಯಾನ ಎದ್ದು, ಕುರ್ಚಿಗಳು ಸಾಲಾಗಿ ಕೂತು, ಮೈಕಿನಲ್ಲಿ ಹಾಡಿಲ್ಲದಿದ್ದರೆ ಅದರ ಅರ್ಥ ಒಂದೇ.

ಎರಡು ಗಂಟೆಯಿಂದಲೇ ಜನ ಬರತೊಡಗಿದರು. ಯಾರ ಮುಖದಲ್ಲೂ ನಗುವಿಲ್ಲ. ಗಂಡಸರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದರು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲಕ್ಕೇ ಕೂತರು. ಇಟ್ಟಿಗೆ ಗೂಡಿನ ಯಜಮಾನರು ದೊಡ್ಡದೊಂದು ಸುಗಂಧರಾಜದ ಹಾರದೊಂದಿಗೆ ಕಾರಿನಿಂದ ಇಳಿದು, ಹಾರ ಹಾಕಬೇಕಾದ ವ್ಯಕ್ತಿಗಾಗಿ ಅತ್ತಿತ್ತ ಹುಡುಕಿದರು. ಮುಂದಿನ ಸಾಲಿನ ಮುದುಕಿಯೊಬ್ಬಳು ಭಾಯಿಯನ್ನು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು: "ಎವುರು ಪೋಯಿನಾರು ನಾಯನಾ?" ಯಾರಪ್ಪಾ ಹೋದವರು ಎಂದು.

"ಕೆರೆ ಹೋಯ್ತಮ್ಮಾ" ಎಂದರು ಭಾಯಿ. "ಕೂತ್ಕೊಳ್ಳಿ, ಈಗ ಮುಖ ತೋರಿಸ್ತಾರೆ."

ತಂದ ಹಾರವನ್ನು ವಾಪಸು ಒಯ್ಯುವುದು ಅಶುಭ ಎಂದು ಯಜಮಾನರು ಹೇಳಿದ್ದರಿಂದ ಅದನ್ನು ಪರದೆಯ ಬೊಂಬಿಗೆ ಹಾಕಿದೆವು. ಹೀಗೆ ನಮ್ಮ ಪರಿಸರ ಜಾಗೃತಿ ಮಾಲಿಕೆ ಹಾರದೊಂದಿಗೆ ಉದ್ಘಾಟನೆಯಾಯಿತು. ಬಂದವರು ಸಾವಿನ ಮನೆಯ ಮರ್ಯಾದೆಗೆಂದು ಕೊನೆಯವರೆಗೆ ಎದ್ದು ಹೋಗಲಿಲ್ಲ. ಕೋಲಾರದ ಗೆಳೆಯರು ನಮ್ಮೂರಿನ ಪ್ರೇಕ್ಷಕರ ಗಾಂಭೀರ್ಯವನ್ನು ಮುಳಬಾಗಿಲಿನಲ್ಲೂ ಶ್ರೀನಿವಾಸಪುರದಲ್ಲೂ ಹೊಗಳಿದರೆಂದು ಆಮೇಲೆ ಕೇಳಿದೆ.

ಇಟ್ಟಿಗೆ ಗೂಡಿನ ಯಜಮಾನರ ಬಗ್ಗೆ ನಾಲ್ಕು ಮಾತು ಹೇಳಬೇಕು. ಕೆರೆಯ ಮಣ್ಣು ಹೋಗುತ್ತಿದ್ದುದು ಅವರ ಗೂಡಿಗೆ. ಅವರು ಕೆಟ್ಟವರೇನಲ್ಲ; ಹಾಗಿದ್ದಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಭಾನುವಾರ ಕರೆಂಟು ಕೈಕೊಟ್ಟಾಗ ತಮ್ಮ ಜನರೇಟರಿನಿಂದ ತಾವಾಗಿಯೇ ವೈರ್ ಎಳೆಸಿಕೊಟ್ಟರು. ಅಲ್ಲಿಂದಾಚೆ ಪರಿಸರ ಉಳಿಸುವ ಪ್ರತಿಯೊಂದು ಚಿತ್ರವೂ ಅವರ ಡೀಸೆಲಿನಲ್ಲೇ ನಡೆಯಿತು. ಒಂದು ಪ್ರದರ್ಶನವನ್ನೂ ತಪ್ಪಿಸಿದವರಲ್ಲ. ಮುಂದಿನ ಸಾಲಿನ ಮಧ್ಯದ ಕುರ್ಚಿ ಅವರದು. ಯಾವುದೋ ಖಂಡದಲ್ಲಿ ಬೆಟ್ಟವನ್ನು ಬಗೆದು ಊರಿಗೆ ಊರೇ ಗುಳೆ ಹೋಗುವುದನ್ನು ನೋಡಿ ಅವರು ಕರ್ಚೀಫಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

"ಪಾಪ ಮೇಷ್ಟ್ರೇ. ಯಾವ ದೇಶ ಇದು?"

ನಾನು ದೇಶದ ಹೆಸರು ಹೇಳುತ್ತಿದ್ದೆ. ನನ್ನ ಕೆಲಸವೇ ಅದು. ಚಿತ್ರಗಳೆಲ್ಲ ಇಂಗ್ಲಿಷಿನವು, ನಾನು ಮೈಕು ಹಿಡಿದು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳಬೇಕು. "ಮಾನವನ ಅಪರಿಮಿತ ಲಾಲಸೆಯಿಂದ ವಸುಂಧರೆಯ ಒಡಲು ಬರಿದಾಗುತ್ತಿದೆ" ಎಂದು ನಾನು ಘೋಷಿಸಿದರೆ, ಹಿಂದಿನ ಸಾಲಿನಿಂದ "ವಸುಂಧರಾ ಯಾರ್ಲಾ, ಡೇರಿ ಸೆಕ್ರೆಟರಿ ಮಗಳಾ?" ಎಂಬ ಧ್ವನಿ ಬರುತ್ತಿತ್ತು. ಚಿತ್ರ ಮುಗಿದ ಮೇಲೆ ಭಾಯಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ, ತಲೆ ಎತ್ತದೆ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು.

"ಒಂದ್ಸಲ ನಮ್ಮ ಕೆರೆ ತೋರಿಸಿ ಮೇಷ್ಟ್ರೇ."

"ಅದರ ಪಿಕ್ಚರ್ ಯಾರೂ ತೆಗೆದಿಲ್ಲ ಭಾಯಿ."

"ಪಿಕ್ಚರ್ ಯಾಕೆ? ಈ ಅಡ್ಡಪರದೆ ಎತ್ತಿದ್ರೆ ಕಾಣ್ತದಲ್ಲ. ನೀವು ಬಾಯಲ್ಲಿ ಹೇಳಿ ಸಾಕು."

ಮಾತು ನಿಜ. ಡೇರಿಯ ಬಯಲಿನಿಂದ ಕೆರೆಗೆ ಕಲ್ಲೆಸೆಯುವಷ್ಟು ದೂರ. ನಾನು ಸರಣಿಯ ನಿಯಮಗಳ ಬಗ್ಗೆ, ಊರಿನ ಸಾಮರಸ್ಯದ ಬಗ್ಗೆ, ಸಮಯಸಂದರ್ಭದ ಬಗ್ಗೆ ಏನೇನೋ ಹೇಳುತ್ತಿದ್ದೆ. ಜನರೇಟರಿನ ವೈರಿನ ಬಗ್ಗೆ ಹೇಳುತ್ತಿರಲಿಲ್ಲ. ಅವರೂ ಕೇಳುತ್ತಿರಲಿಲ್ಲ. "ಹೌ, ಹೌ" ಎನ್ನುತ್ತ ಬೊಂಬು ಹೆಗಲಿಗೇರಿಸಿ ಖಬರಸ್ತಾನದ ಕಡೆ ಹೋಗುತ್ತಿದ್ದರು. ತಿರುಗಿ ಬಂದು ಹೇಳುತ್ತಿದ್ದರು: ನಾಲ್ಕು. ಮುಂದಿನ ತಿಂಗಳು: ಮೂರೂವರೆ.

ಮನವಿಗಳನ್ನೂ ಕೊಟ್ಟೆವು. ಕರಡು ನನ್ನದು. ಕೊಡಬೇಕಾದ ಕಡೆಗೆಲ್ಲ ಇಬ್ಬರೂ ಹೋಗಿ, ನಿಲ್ಲಬೇಕಾದಷ್ಟು ಹೊತ್ತು ನಿಂತು ಕೊಟ್ಟೆವು. ಒಂದು ಕಡೆ ವಿಷಯ ಪರಿಶೀಲನೆಯಲ್ಲಿದೆ ಎಂದರು, ಇನ್ನೊಂದು ಕಡೆ ನಡೆಯುತ್ತಿರುವುದು ಹೂಳೆತ್ತುವ ಪುಣ್ಯಕಾರ್ಯ ಎಂದರು. ಸ್ವೀಕೃತಿಯ ಮುದ್ರೆಗಳು ಮಾತ್ರ ಎಲ್ಲ ಕಡೆಯೂ ಅಚ್ಚುಕಟ್ಟಾಗಿ ಬಿದ್ದವು.

ಒಂದು ಭಾನುವಾರ ಗೂಡಿನ ಹೊಗೆ ಗಂಟಲಿಗಿಳಿದು ನನ್ನ ಧ್ವನಿ ಪೂರ್ತಿ ಕಟ್ಟಿಹೋಯಿತು. ಚಿತ್ರ ಶುರುವಾಗಿತ್ತು, ಜನ ಕಾಯುತ್ತಿದ್ದರು. ಭಾಯಿ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಅವರಿಗೆ ಇಂಗ್ಲಿಷಿನ ಗಂಧವಿಲ್ಲ. ಪರದೆಯ ಮೇಲೆ ಎಲ್ಲಿಯದೋ ಬಯಲು, ಎಲ್ಲಿಯದೋ ಮಿಷನ್ನು, ಅಗೆದ ಹೊಂಡದ ಅಂಚಿನಲ್ಲಿ ಒಬ್ಬ ಮುದುಕ. ಭಾಯಿ ಮೊದಲು ಕೆಮ್ಮಿದರು. ಎಳೆಯ ವಯಸ್ಸಿನಲ್ಲಿ ಅವರೂ ಗೂಡಿನಲ್ಲಿ ಇಟ್ಟಿಗೆ ಹೊತ್ತವರು. ಆ ಕೆಮ್ಮು ಅಲ್ಲಿಂದ ಬಂದದ್ದು.

"ಈಯಪ್ಪ ಏನ್ ಹೇಳ್ತಾವ್ನೆ ಅಂದ್ರೆ" ಎಂದು ಆರಂಭಿಸಿದರು. "ಇಲ್ಲಿ ಒಂದು ಕೆರೆ ಇತ್ತು ಅಂತಾನೆ. ನನ್ನ ಹೆಂಡ್ತಿ ಇಲ್ಲೇ ಬಟ್ಟೆ ಒಗೀತಿದ್ಲು. ಊರೋರ ಮದುವೆ ಬಟ್ಟೆ ಎಲ್ಲಾ ಒಗೀತಿದ್ಲು ಅಂತಾನೆ. ಈಗ ಅವಳು ಮೇಲೆ ಮಲಗವ್ಳೆ. ಕೆಳಗಡೆಯಿಂದ ಮಣ್ಣು ತೆಗೀತಾವ್ರೆ. ಎರಡು ಬೊಂಬು ಉಳ್ಕೊಂಡೈತೆ ಅಂತಾನೆ. ನಮ್ಮಲ್ಲಿ ಸತ್ತೋರಿಗೆ ಮೂರು ಹಿಡಿ ಮಣ್ಣು ಕೊಡ್ತೀವಿ. ಅಷ್ಟೇ ಕೊಡೋದು. ತಗೊಳ್ಳೋದಕ್ಕೆ ಇಷ್ಟೇ ಅಂತ ಇಲ್ಲ ಅಂತಾನೆ."

ಮುದುಕಿಯೊಬ್ಬಳು ಮೂಗು ಸೀಟಿದಳು. ಯಜಮಾನರು ಕರ್ಚೀಫು ತೆಗೆದರು.

"ಅಯ್ಯೋ ಪಾಪ. ಯಾವ ದೇಶ ಭಾಯಿ ಇದು?"

"ಮಾಲೂರು ತಾಲ್ಲೂಕು ಯಜಮಾನ್ರೇ."

ಯಾರೋ ನಕ್ಕರು, ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಯಜಮಾನರು ನಕ್ಕರು. "ಏನ್ ತಮಾಷೆ ಮಾಡ್ತೀಯೋ ಸಾಬಿ ನೀನು" ಎಂದು ಭಾಯಿಯ ಬೆನ್ನು ತಟ್ಟಿದರು. ಭಾಯಿ ಮೈಕನ್ನು ನನ್ನ ಕೈಗೆ ಕೊಟ್ಟು ಕುರ್ಚಿ ಪೇರಿಸಲು ಹೋದರು. ಚಿತ್ರ ಇನ್ನೂ ಅರ್ಧ ಬಾಕಿ ಇತ್ತು. ನನ್ನ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು. ಆದರೂ ನಾನು ಆ ಮೈಕಿನಲ್ಲಿ, ಅವರು ಹೇಳಿದ್ದು ತಮಾಷೆಯಲ್ಲ ಎಂದು ಹೇಳಲಿಲ್ಲ. ಹೇಳಬಹುದಿತ್ತು. ಮೂರು ಮಾತಿನ ಕೆಲಸ.

ಆ ವಾರ ಮಿಷನ್ನು ಕೆರೆಯ ಆಚೆ ದಂಡೆಗೆ ಹೋಯಿತು. ನಾನು ಇದು ಕಲೆಯ ವಿಜಯ ಎಂದು ಭಾವಿಸಿ ಕೋಲಾರದ ಗೆಳೆಯರಿಗೆ ದೀರ್ಘವಾದ ವರದಿ ಬರೆದೆ. ಹದಿನೈದು ದಿನಕ್ಕೆ ಮಿಷನ್ನು ತಿರುಗಿ ಬಂತು. ಆಚೆ ಬರೀ ಇಟ್ಟಿಗೆಗೆ ಬಾರದ ಗರಸು ಸಿಕ್ಕಿತಂತೆ.

ಆಮೇಲಿನ ತಿಂಗಳು ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿದು ಭಾನುವಾರ ತುಸು ತೆಳುವಾಗಿತ್ತು. ಪ್ರದರ್ಶನ ಬೇಡವೆಂದು ನಾನು ಹೇಳಿದೆ. "ಬಟ್ಟೆ ಕಟ್ಟಿ ಆಯ್ತು ಮೇಷ್ಟ್ರೇ" ಎಂದರು ಭಾಯಿ. ಆವತ್ತು ಬೆಳಗ್ಗೆ ಅವರು ಅಳೆದಿದ್ದರು. ಒಂದು ಬೊಂಬು ಪೂರಾ ಹಿಡಿಯಲಿಲ್ಲ ಎಂದಷ್ಟೇ ಹೇಳಿದರು.

ಚಿತ್ರ ಪಕ್ಷಿಗಳದು. ಕೊಕ್ಕರೆಗಳು ಸದ್ದಿಲ್ಲದೆ ಹಾರುತ್ತಿದ್ದವು, ಗೆರೆಯ ಬಳಿ ಒಂದಿಷ್ಟು ಮುರಿದು ಮತ್ತೆ ಕೂಡುತ್ತಿದ್ದವು. ಆಗ ಒಂದು ಸದ್ದು ಬಂತು. ದೊಡ್ಡ ಮೂಟೆಯೊಂದನ್ನು ಲಾರಿಯಿಂದ ಕೆಡವಿದಂತೆ ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ. ಕುರ್ಚಿಗಳು ಅದುರಿದವು.

"ಏನ್ ಸೌಂಡಪ್ಪಾ!" ಎಂದರು ಯಜಮಾನರು ಮೆಚ್ಚುಗೆಯಿಂದ. "ಥಿಯೇಟರ್ ತರಾನೇ ಕೊಡ್ತೈತೆ."

ನಮ್ಮೆಲ್ಲರಿಗೂ ಅದು ಚಿತ್ರದ ಸದ್ದೇ. ಅಷ್ಟು ಭಾನುವಾರ ಕೂತು ಕೂತು ನೆಲ ಕುಸಿಯುವುದು ಪರದೆಯ ಮೇಲೆ ಮಾತ್ರ ಎಂಬುದು ನಮಗೆ ರೂಢಿಯಾಗಿಹೋಗಿತ್ತು. ಕೊಕ್ಕರೆ ಹಾರಿದರೆ ನೆಲ ಅದುರುವುದಿಲ್ಲ ಎಂದು ಹೊಳೆದದ್ದು ಒಬ್ಬರಿಗೇ. ಹಿಂದೆ ತಿರುಗಿ ನೋಡಿದಾಗ ಭಾಯಿ ಇರಲಿಲ್ಲ. ಅಡ್ಡಪರದೆ ಎತ್ತಿದಂತೇ ಇತ್ತು, ಅದರಾಚೆ ಮಳೆಯಲ್ಲಿ ಅವರು ಓಡುತ್ತಿದ್ದರು. ಆ ವಯಸ್ಸಿನವರು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು.

ದಿಬ್ಬದ ಅಂಚು ಇಡಿಯಾಗಿ ಕೆಳಗೆ ಕೂತಿತ್ತು. ಅಲ್ಲಿ ಕಂಡದ್ದನ್ನು ನಾನು ಬರೆಯುವುದಿಲ್ಲ. ಭಾಯಿ, ಅವರ ಮಗ, ಮಸೀದಿಯ ಹಜರತ್ತು ಕೆಳಗಿಳಿದರು. ಊರ ನಾಲ್ಕು ಜನ ಗಂಡಸರು ಸೊಂಟದವರೆಗಿನ ಕೆಸರಿನಲ್ಲಿ ಅವರ ಜೊತೆ ನಿಂತರು. ನಾನು ಕೊಡೆ ಹಿಡಿದುಕೊಂಡಿದ್ದೆ, ಯಾರ ತಲೆಯ ಮೇಲೂ ಅಲ್ಲ. ಶುದ್ಧವಾದ ಬಟ್ಟೆಯೊಂದು ಬೇಕು, ಬೇಗ ಬೇಕು ಎಂದರು ಹಜರತ್ತು.

ಯಜಮಾನರ ಮುಖ ಬಿಳಿಚಿತ್ತು. "ಮಾಲೂರಿಗೆ ಕಾರು ಕಳಿಸ್ತೀನಿ ಭಾಯಿ. ಎಂಥಾ ಬಟ್ಟೆ ಬೇಕು ಹೇಳು, ತರಿಸ್ತೀನಿ. ಎಷ್ಟೇ ಆಗ್ಲಿ."

"ನಕ್ಕೋ ಯಜಮಾನ್ರೇ" ಎಂದರು ಭಾಯಿ. "ಅಷ್ಟೊತ್ತು ಮಳೇಲಿ ನೆನೀತಾಳೆ. ಬಟ್ಟೆ ಐತೆ."

ಡೇರಿಯ ಬಯಲಿಗೆ ಬಂದು ಅವರು ಪರದೆಯನ್ನು ಇಳಿಸಿದರು. ಹೆಂಗಸರು ಇನ್ನೂ ಕೂತೇ ಇದ್ದರು. ಶವಕ್ಕೆ ಸುತ್ತುವ ಕಫನಿನ ಬಟ್ಟೆಯಲ್ಲಿ ಹೊಲಿಗೆ ಇರಬಾರದು. ಭಾಯಿ ನೆಲದ ಮೇಲೆ ಕೂತು, ಕೈಯ ಕೆಸರನ್ನು ಒರೆಸಿಕೊಂಡು, ಟೋಪಿಯಿಂದ ದಬ್ಬಳ ತೆಗೆದು, ತಮ್ಮದೇ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು. ಭದ್ರವಾಗಿ ಹೊಲಿದಿದ್ದರ ಫಲ ಆಗ ಕಂಡಿತು. ಬಹಳ ಹೊತ್ತು ಹಿಡಿಯಿತು. ಪ್ರೊಜೆಕ್ಟರನ್ನು ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಪರದೆ ಹೋದ ಮೇಲೆ ಕೊಕ್ಕರೆಗಳು ಹಿಂದಿನ ಗೋಡೆಯ ಇಟ್ಟಿಗೆಗಳ ಮೇಲೆ ಹಾರುತ್ತಲೇ ಇದ್ದವು.

ಆಕೆಯನ್ನು ಗೇಟಿನ ಹತ್ತಿರ, ಮೊದಲೇ ಎಲ್ಲರೂ ಹೇಳಿದ್ದ ಜಾಗದಲ್ಲಿ, ಮತ್ತೆ ಮಣ್ಣು ಮಾಡಿದರು. ಅಗೆಯುವುದು ಆ ವಾರವೇ ನಿಂತಿತು. ನಾಚಿಕೆಯಿಂದ ಎಂದು ಬರೆಯಲು ನನಗೂ ಆಸೆ. ಆ ಕಡೆಯೂ ಗರಸು ಬಂದಿತ್ತು.

ಇನ್ನು ಸರಣಿ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ತಿಂಗಳ ಭಾನುವಾರ ಹನ್ನೆರಡಕ್ಕೇ ಭಾಯಿ ಬೊಂಬು ನೆಡುತ್ತಿದ್ದರು. ಹೊಸ ಬಿಳಿ ಬಟ್ಟೆ, ಅವೇ ಎರಡು ಪನ್ನ, ನಡುವೆ ಅದೇ ಗೆರೆ. ಹತ್ತಿರ ಹೋಗಿ ನೋಡಿದೆ. ಹೊಲಿಗೆ ಉದ್ದುದ್ದ, ಸಡಿಲ, ಹಗ್ಗ ಪೋಣಿಸಿದ ಹಾಗೆ.

"ಇದೇನು ಭಾಯಿ, ಕೈಯಲ್ಲಿ ಎಳೆದ್ರೆ ಬಂದುಬಿಡುತ್ತೆ."

"ಹೌ ಮೇಷ್ಟ್ರೇ. ಈ ಸಲ ಬೇಗ ಬಿಚ್ಚೋ ಹಂಗೆ ಹೊಲ್ದಿದೀನಿ. ಹೋದ ಸಲ ಕಾಯಿಸಿಬಿಟ್ಟೆ."

ಆ ಪರದೆಯ ಮೇಲೆ ಐದು ಚಿತ್ರ ತೋರಿಸಿದೆವು. ಗಾಳಿ ಬಂದರೆ ನದಿಗಳು ಮಧ್ಯದಲ್ಲಿ ಬಾಯಿ ಬಿಡುತ್ತಿದ್ದವು. ಭಾಯಿ ಈಗ ಮೈಕು ಕೇಳುತ್ತಿರಲಿಲ್ಲ, ನಮ್ಮ ಕೆರೆ ತೋರಿಸಿ ಎನ್ನುತ್ತಲೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕೂತು ಕೆಮ್ಮುತ್ತಿದ್ದರು. ಕೆಮ್ಮು ಜಾಸ್ತಿಯಾದಾಗ ಜನಕ್ಕೆ ನನ್ನ ಮಾತು ಕೇಳಿಸುವುದಿಲ್ಲವೆಂದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಆಸ್ಪತ್ರೆಗೆ ಹೋಗೋಣ ಎಂದರೆ, "ಹೋಗೋಣ ಮೇಷ್ಟ್ರೇ, ಮದುವೆ ತಿಂಗಳು ಮುಗೀಲಿ" ಎಂದು ಮುಂದಕ್ಕೆ ಹಾಕಿದರು. ಮದುವೆಯ ತಿಂಗಳು ಮುಗಿಯಲಿಲ್ಲ. ಒಂದು ಶುಕ್ರವಾರ ಬೆಳಗ್ಗೆ ಅವರ ಮಗ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಬಟ್ಟೆಯಲ್ಲೇ, ನನ್ನ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಟೋಪಿ ಇತ್ತು, ಟೋಪಿಯಲ್ಲಿ ದಬ್ಬಳ.

"ಅಬ್ಬಾ ಹೋಗ್ಬಿಟ್ರು ಸಾರ್. ಪರದೆ ಮೇಷ್ಟ್ರ ಕೈಲಿ ಬಿಚ್ಚಿಸು ಅಂತ ಹೇಳಿದ್ರು."

ಕೆಂಪು ಹಳದಿ ಬಟ್ಟೆಗಳೆಲ್ಲ ಮದುವೆಗಳಿಗೆ ಹೋಗಿದ್ದರಿಂದ ಅವರ ಮನೆಯ ಮುಂದೆ ಬಿಳಿ ಶಾಮಿಯಾನವೇ ಎದ್ದಿತ್ತು. ಕುರ್ಚಿ ಹಾಕಿದ ಕೂಲಿಯಾಳುಗಳು ಅಭ್ಯಾಸಬಲದಿಂದ ಎಲ್ಲವನ್ನೂ ಒಂದೇ ಗೋಡೆಯ ಕಡೆಗೆ ಮುಖ ಮಾಡಿ ಸಾಲಾಗಿ ಇಟ್ಟಿದ್ದರು. ನಾನು ಜಗಲಿಯ ಮೇಲೆ ಕೂತು ಪರದೆಯನ್ನು ತೊಡೆಗೆಳೆದುಕೊಂಡು ಹೊಲಿಗೆ ಬಿಚ್ಚುತ್ತಿದ್ದೆ. ಡೇರಿಗೆ ಹಾಲು ಹಾಕಿ ಬರುತ್ತಿದ್ದ ಮುದುಕಿ, ಮೊದಲ ದಿನ ಯಾರು ಹೋದರೆಂದು ಕೇಳಿದ್ದವಳು, ಕ್ಯಾನು ಕೆಳಗಿಟ್ಟು ಮುಂದಿನ ಸಾಲಿನಲ್ಲಿ ಕೂತಳು.

"ಇವತ್ತು ಭಾನುವಾರ ಅಲ್ವಲ್ಲ ಮೇಷ್ಟ್ರೇ. ಯಾವ ಪಿಕ್ಚರು?"

ನಾನು ಇನ್ನೊಂದು ಹೊಲಿಗೆ ಎತ್ತಿದೆ. ಅವಳು ನನ್ನ ಕೈಯಲ್ಲಿದ್ದ ದಬ್ಬಳ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವರು ಹೇಳಿದಂತೆಯೇ ಹೊಲಿಗೆ ಬೇಗ ಬಿಚ್ಚಿಕೊಂಡಿತು. ಎಷ್ಟು ಬೇಗ ಎಂದರೆ, ನನಗೆ ಅಳಲೂ ಸಮಯ ಸಾಲಲಿಲ್ಲ.

ಗೇಟಿನ ಹತ್ತಿರ, ಹೆಂಡತಿಯ ಪಕ್ಕದಲ್ಲಿ ಮಲಗಿಸಿದರು. ಊರಿನ ಗಂಡಸರೆಲ್ಲ ಬಂದಿದ್ದರು. ಅವರ ಕುರ್ಚಿಯಲ್ಲಿ ಕೂರದವನು ಯಾರಿದ್ದ? ಒಬ್ಬೊಬ್ಬರಾಗಿ ಮುಂದೆ ಹೋಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ನಾನು ಹಾಕಿದೆ. ನನ್ನ ಹಿಂದೆ ಇಟ್ಟಿಗೆ ಗೂಡಿನ ಯಜಮಾನರು ಬಂದರು. ಪಂಚೆ ಎತ್ತಿಕಟ್ಟಿ, ಚಪ್ಪಲಿ ದೂರ ಬಿಟ್ಟು, ಬಗ್ಗಿ ಒಂದು ಹಿಡಿ ತೆಗೆದುಕೊಂಡರು. ಅದನ್ನು ಬೆರಳಲ್ಲಿ ಒಮ್ಮೆ ಹಿಸುಕಿದರು, ಕಸುಬಿನ ಅಭ್ಯಾಸ ಇರಬೇಕು. ಆಮೇಲೆ ಹಾಕಿದರು. ಒಂದು, ಎರಡು, ಮೂರು. ಅಷ್ಟು ವರ್ಷಗಳಲ್ಲಿ ಅವರು ಆ ನೆಲಕ್ಕೆ ಮಣ್ಣು ಹಿಂದಕ್ಕೆ ಕೊಟ್ಟದ್ದು ಅಷ್ಟು.

ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಪಕ್ಕಕ್ಕೆ ಬಂದು ಎರಡೂ ಕೈಗಳನ್ನು ಮೈಗೆ ತಗುಲದಂತೆ ದೂರ ಹಿಡಿದುಕೊಂಡು ನನ್ನನ್ನು ಕೇಳಿದರು. "ಕೈ ತೊಳ್ಕೊಬೇಕಲ್ಲ ಮೇಷ್ಟ್ರೇ. ಇಲ್ಲಿ ನೀರೆಲ್ಲೈತೆ?"

ನಾನು ಅವರಿಗೆ ಕೆರೆ ತೋರಿಸಿದೆ.